ಎರಡು ಮಾತ್ರೆಯ ಉಪಕಾರ

ರಾತ್ರಿ ಒಂಬತ್ತರ ಹೊತ್ತಿಗೆ ಮಂಗಳೂರಿನ ಬಂದರು ಪ್ರದೇಶದ ಯಾವುದಾದರೂ ಮೆಡಿಕಲ್ ಎದುರು ಹತ್ತು ನಿಮಿಷ ನಿಂತು ನೋಡಿ. ದಕ್ಕೆಯಿಂದ ಬಂದ ಕೂಲಿಯವನೊಬ್ಬ "ಮೈಕೈ ನೋವು, ಚಳಿಜ್ವರ" ಅನ್ನುತ್ತಾನೆ. ಕೌಂಟರಿನ ಹುಡುಗ ಹಿಂದೆ ತಿರುಗಿ ಸ್ಟ್ರಿಪ್ ಒಂದನ್ನು ಎಳೆದು, ಕತ್ತರಿಯಿಂದ ಎರಡು ಮಾತ್ರೆ ಕತ್ತರಿಸಿ, ಅದಕ್ಕೊಂದು ಪ್ಯಾರಾಸಿಟಮಾಲ್, ಒಂದು ಗ್ಯಾಸ್ಟ್ರಿಕ್ ಮಾತ್ರೆ ಸೇರಿಸಿ ಸಣ್ಣ ಲಕೋಟೆಗೆ ಹಾಕುತ್ತಾನೆ. "ಈಗ ಒಂದು, ನಾಳೆ ಒಂದು. ಕಮ್ಮಿ ಆಗದಿದ್ರೆ ಬನ್ನಿ ಅಣ್ಣ." ಬಿಲ್ ಇಲ್ಲ, ಚೀಟಿ ಕೇಳುವ ಮಾತೇ ಇಲ್ಲ. ಕೊಟ್ಟದ್ದು ಆ್ಯಂಟಿಬಯೋಟಿಕ್ ಎಂದು ಕೊಟ್ಟವನು ಹೇಳಲಿಲ್ಲ, ತೆಗೆದುಕೊಂಡವನು ಕೇಳಲಿಲ್ಲ. ಔಷಧದ ಹೆಸರು, ಅವಧಿ ಮುಗಿಯುವ ದಿನಾಂಕ ಎಲ್ಲವೂ ಕತ್ತರಿಸಿ ಉಳಿದ ಅರ್ಧದಲ್ಲಿ ಡಬ್ಬಿಯೊಳಗೇ ಕುಳಿತಿರುತ್ತವೆ.

ಇದನ್ನು ನಮ್ಮ ಊರಿನಲ್ಲಿ ಉಪಕಾರ ಅನ್ನುತ್ತಾರೆ. ಡಾಕ್ಟರರ ಫೀಸು ಉಳಿಯಿತು, ಒಂದು ದಿನದ ಕೂಲಿ ಉಳಿಯಿತು, ಪಾಪದವನಿಗೆ ಸಹಾಯವಾಯಿತು ಎಂದು. ಈ ಮಾತು ಸುಳ್ಳು ಎಂದು ಹೇಳಲಿಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ. ಬಡವರಿಗೆ ಮಾಡುವ ಉಪಕಾರ ಎಂದು ಕರೆಯುವ ಈ ವ್ಯವಹಾರದಲ್ಲಿ ಮೊದಲು ಸಾಯುವವರು ಬಡವರೇ.

ಇತರರನ್ನು ಬೈಯುವ ಮೊದಲು ನಮ್ಮ ಮನೆಯ ಕಥೆ ಹೇಳಬೇಕು. ನಮ್ಮ ಅಮ್ಮಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಉರಿಮೂತ್ರ ಕಾಣಿಸಿಕೊಳ್ಳುತ್ತಿತ್ತು. ಹೆಂಗಸರ ಕಾಯಿಲೆ, ಡಾಕ್ಟರರ ಮುಂದೆ ಹೇಳಿಕೊಳ್ಳಲು ಅವರಿಗೆ ನಾಚಿಕೆ. "ಹೋಗು ಬೇಟಾ, ಅದೇ ಗೋಲಿ ತಾ" ಅನ್ನುವರು. ನಾವು ಹೋಗಿ "ಅದೇ ಮಾತ್ರೆ" ಅನ್ನುತ್ತಿದ್ದೆವು, ಅಂಗಡಿಯವರು ಕೊಡುತ್ತಿದ್ದರು. ನಾಲ್ಕು ಮಾತ್ರೆ ಮುಗಿಯುವ ಮೊದಲೇ ಉರಿ ಇಳಿಯುತ್ತಿತ್ತು; ಉಳಿದ ಒಂದೋ ಎರಡೋ ಮಾತ್ರೆ ಮುಂದಿನ ಸಲಕ್ಕೆಂದು ತಕಿಯಾದ ಅಡಿಗೆ ಹೋಗುತ್ತಿತ್ತು. ಹೀಗೆ ಆರೇಳು ವರ್ಷ. ಒಂದು ಮಳೆಗಾಲದಲ್ಲಿ ಚಳಿ ನಡುಕದೊಂದಿಗೆ ಜ್ವರ ಏರಿ ಬೆನ್ನು ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಮೂತ್ರದ ಕಲ್ಚರ್ ಮಾಡಿಸಿದರು. ವರದಿ ಬಂದಾಗ ಓದಲು ಕೊಟ್ಟದ್ದು ನಮ್ಮ ಕೈಗೆ. ಎಡಗಡೆ ಔಷಧಗಳ ಸಾಲು, ಬಲಗಡೆ ಒಂದೊಂದರ ಎದುರು ಆರ್, ಆರ್, ಆರ್. ಆರ್ ಎಂದರೆ ಈ ಔಷಧಕ್ಕೆ ರೋಗಾಣು ಬಗ್ಗುವುದಿಲ್ಲ ಎಂದು ಅರ್ಥ. ಬಾಯಿಗೆ ಹಾಕುವ ಮಾತ್ರೆಗಳಲ್ಲಿ ಆ ಜ್ವರಕ್ಕೆ ಉಪಯೋಗವಾಗುವಂಥದ್ದು ಒಂದೂ ಉಳಿದಿರಲಿಲ್ಲ. ದಿನಕ್ಕೆ ಮೂರು ಸಲ ರಕ್ತನಾಳಕ್ಕೆ ಇಂಜೆಕ್ಷನ್, ಹತ್ತು ದಿನ. ಅಮ್ಮಿ ಉಳಿದರು. ಬಿಲ್ಲು ಕಟ್ಟಲು ಅವರ ಒಂದು ಜೊತೆ ಬಳೆ ಹೋಯಿತು. ಡಾಕ್ಟರರು ನಮ್ಮನ್ನು ಬೈಯಲಿಲ್ಲ, "ಮೊದಲು ಏನೇನು ಮಾತ್ರೆ ಕೊಟ್ಟಿದ್ರಿ?" ಎಂದು ಮಾತ್ರ ಕೇಳಿದರು. ನಮಗೆ ಹೆಸರೂ ಗೊತ್ತಿರಲಿಲ್ಲ.

ಉರ್ದುವಿನಲ್ಲಿ ಒಂದು ಗಾದೆಯಿದೆ: ನೀಮ್ ಹಕೀಮ್ ಖತ್ರಾ-ಎ-ಜಾನ್, ನೀಮ್ ಮುಲ್ಲಾ ಖತ್ರಾ-ಎ-ಈಮಾನ್. ಅರೆಬೆಂದ ವೈದ್ಯ ಜೀವಕ್ಕೆ ಅಪಾಯ, ಅರೆಬೆಂದ ಮುಲ್ಲಾ ಈಮಾನಿಗೆ ಅಪಾಯ. ಎರಡನೆಯ ಅರ್ಧದ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಮೊದಲನೆಯ ಅರ್ಧದ ಹಕೀಮ ಕೌಂಟರಿನ ಆಚೆಗೂ ಇದ್ದಾನೆ, ಈಚೆಗೂ ಇದ್ದಾನೆ.

ಕಾನೂನು ಇಲ್ಲವೇ? ಇದೆ, ಧಾರಾಳವಾಗಿ ಇದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದು ಸಾಲದೆಂದು 2013ರಲ್ಲಿ ಶೆಡ್ಯೂಲ್ ಎಚ್1 ಎಂಬ ಇನ್ನೊಂದು ಪಟ್ಟಿ ಮಾಡಿ 2014ರ ಮಾರ್ಚ್ 1ರಿಂದ ಜಾರಿಗೆ ತಂದರು. ಅದರ 46 ಔಷಧಗಳಲ್ಲಿ 24 ಆ್ಯಂಟಿಬಯೋಟಿಕ್‌ಗಳು. ಇವನ್ನು ಮಾರಿದರೆ ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮಂಗಳೂರಿನ ಕೌಂಟರುಗಳಲ್ಲಿ ಮಾಮೂಲಾಗಿ ಕೈಗೆ ಬರುವ ಸೆಫಿಕ್ಸಿಮ್ ಈ ಪಟ್ಟಿಯಲ್ಲಿದೆ. ಎಷ್ಟು ಸಲ ಕೊಂಡಿದ್ದೇವೆ, ಒಂದು ಸಲವಾದರೂ ಯಾರಾದರೂ ನಮ್ಮ ಹೆಸರು ಕೇಳಿ ಬರೆದುಕೊಂಡದ್ದುಂಟೇ? 2016ರಲ್ಲಿ ಕೇಂದ್ರ ಸರಕಾರ ಕೆಂಪು ಗೆರೆಯ ಪ್ರಚಾರ ಮಾಡಿತು. ಸ್ಟ್ರಿಪ್ಪಿನ ಬೆನ್ನ ಮೇಲೆ ಕೆಂಪು ಗೆರೆ ಇದ್ದರೆ ಚೀಟಿಯಿಲ್ಲದೆ ನುಂಗಬೇಡಿ ಎಂದು. 2024ರ ಜನವರಿ 1ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯರಿಗೂ ಫಾರ್ಮಸಿಸ್ಟರಿಗೂ ಪತ್ರ ಬರೆದರು: ವೈದ್ಯರು ಆ್ಯಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ಬರೆಯಬೇಕು, ಅಂಗಡಿಯವರು ಚೀಟಿಯಿಲ್ಲದೆ ಕೊಡುವುದನ್ನು ನಿಲ್ಲಿಸಬೇಕು. ಹತ್ತು ವರ್ಷ ಹಿಂದೆ ಜಾರಿಯಾದ ಕಾನೂನನ್ನು ದಯವಿಟ್ಟು ಪಾಲಿಸಿ ಎಂದು ಕೇಳಿಕೊಳ್ಳುವ ಸ್ಥಿತಿ.

ಕೆಡುಕು ಹೇಗೆ ಆಗುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇವೆ. ಶೀತ, ಗಂಟಲು ಕೆರೆತ, ಮಳೆಗಾಲದ ಹೆಚ್ಚಿನ ಜ್ವರಗಳು ವೈರಸ್ಸಿನಿಂದ ಬರುವಂಥವು. 2019ರಲ್ಲಿ ಈ ನಗರವನ್ನು ನಡುಗಿಸಿದ ಡೆಂಗೆಯೂ ವೈರಸ್ಸೇ. ವೈರಸ್ಸಿಗೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಆದರೆ ನುಂಗಿದ ಮಾತ್ರೆ ಸುಮ್ಮನೆ ಇರುವುದೂ ಇಲ್ಲ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಗ್ಗುವವನ್ನು ಕೊಂದು, ಬಗ್ಗದವಕ್ಕೆ ಜಾಗ ಬಿಟ್ಟುಕೊಡುತ್ತದೆ. ಅವು ಆ ಗುಣವನ್ನು ಪಕ್ಕದವಕ್ಕೂ ದಾಟಿಸುತ್ತವೆ; ಮಲದಿಂದ ನೀರಿಗೆ, ಕೈಯಿಂದ ಕೈಗೆ, ಮನೆಯಿಂದ ಮನೆಗೆ ಹೋಗುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಸ್ವೀಕರಿಸಿದಾಗ ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆ ಇತ್ತು: ಈ ಮದ್ದು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ದಿನ ಬಂದರೆ, ತಿಳಿಯದವನು ಕಮ್ಮಿ ಪ್ರಮಾಣ ತೆಗೆದುಕೊಂಡು ರೋಗಾಣುವನ್ನು ಗಟ್ಟಿ ಮಾಡುತ್ತಾನೆ ಎಂದು. ಪೂರ್ತಿ ಕೋರ್ಸ್ ಎಷ್ಟು ದಿನ ಇರಬೇಕೆಂಬ ಬಗ್ಗೆ ಈಗ ವೈದ್ಯರಲ್ಲೇ ಚರ್ಚೆಯಿದೆ, ಇರಲಿ. ಹೆಸರಿಲ್ಲದ ಜ್ವರಕ್ಕೆ ಎರಡು ಮಾತ್ರೆ ಎಂಬ ಲೆಕ್ಕವಂತೂ ಯಾವ ಪುಸ್ತಕದಲ್ಲೂ ಇಲ್ಲ.

2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಹೊಸ ಬಗೆಯ ಟೈಫಾಯಿಡ್ ಹಬ್ಬಿತು. ಹಳೆಯ ಔಷಧಗಳು, ಸಿಪ್ರೊಫ್ಲೊಕ್ಸಾಸಿನ್, ಸೆಫ್ಟ್ರಿಯಾಕ್ಸೋನ್ ಯಾವುದಕ್ಕೂ ಬಗ್ಗಲಿಲ್ಲ. ಬಾಯಿಗೆ ಹಾಕಬಹುದಾದ ಒಂದೇ ಮಾತ್ರೆ ಉಳಿಯಿತು, ಅಝಿತ್ರೊಮೈಸಿನ್. ಅದೂ ಕೈಕೊಟ್ಟರೆ ದುಬಾರಿ ಇಂಜೆಕ್ಷನ್ ಮಾತ್ರ. ಈಗ ನಮ್ಮ ದೇಶವನ್ನು ನೋಡಿ. ಖಾಸಗಿ ಮಾರಾಟದ 2019ರ ಅಂಕಿಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಭಾರತದಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯೋಟಿಕ್ ರೂಪ ಅಝಿತ್ರೊಮೈಸಿನ್ 500 ಮಿಲಿಗ್ರಾಮ್ ಮಾತ್ರೆ. ಆಮೇಲೆ ಕೋವಿಡ್ ಬಂತು. ಕೋವಿಡ್‌ಗೆ ಅದರಿಂದ ಪ್ರಯೋಜನವಿಲ್ಲವೆಂದು 2021ರಲ್ಲಿ ದೊಡ್ಡ ಪ್ರಯೋಗಗಳು ತೋರಿಸುವ ಮೊದಲೇ ಮನೆಮನೆಯಲ್ಲಿ ನುಂಗಿ ಆಗಿತ್ತು. ಸಿಂಧಿನ ಬಡವನ ಕೊನೆಯ ಮಾತ್ರೆಯನ್ನು ನಾವು ಮೂಗು ಸೋರಿದ್ದಕ್ಕೆ ಖರ್ಚು ಮಾಡುತ್ತಿದ್ದೇವೆ.

ಸಾವಿನ ಲೆಕ್ಕ ಬೇಕೆಂದರೆ ಅದೂ ಇದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಜನ ಎಂದು ಲ್ಯಾನ್ಸೆಟ್ ಪತ್ರಿಕೆ ಅಂದಾಜು ಪ್ರಕಟಿಸಿದೆ. 2010ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಪತ್ರಿಕೆಯಲ್ಲಿ ಔಷಧಗಳನ್ನು ಸೋಲಿಸುವ ಕಿಣ್ವವೊಂದರ ಬಗ್ಗೆ ಬರೆದಾಗ ನಮಗೆ ಸಿಟ್ಟು ಬಂದದ್ದು ರೋಗದ ಮೇಲಲ್ಲ, ಆ ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟಿದ್ದರ ಮೇಲೆ!

ಅಂಗಡಿಯವರ ಸಂಘಟನೆಗೆ ಒಂದು ಮಾತು. 2018ರ ಸೆಪ್ಟೆಂಬರ್ 28ರಂದು ದೇಶದಾದ್ಯಂತ ಔಷಧ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಆನ್‌ಲೈನ್ ಮಾರಾಟದಿಂದ ಚೀಟಿಯಿಲ್ಲದೆ ಔಷಧ ಸಿಗುತ್ತದೆ, ದುರುಪಯೋಗವಾಗುತ್ತದೆ ಎಂಬುದು ಅವರ ವಾದಗಳಲ್ಲೊಂದು. ಒಳ್ಳೆಯ ವಾದ. ಮರುದಿನ ಬಾಗಿಲು ತೆರೆದಾಗ ಅದೇ ವಾದ ಕೌಂಟರಿನ ಹಿಂದೆ ಎಲ್ಲಿ ಹೋಯಿತು? 1948ರ ಫಾರ್ಮಸಿ ಕಾಯ್ದೆಯಂತೆ ಚೀಟಿ ನೋಡಿ ಔಷಧ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟ್. ಎಷ್ಟೋ ಕಡೆ ಅವನ ಪ್ರಮಾಣಪತ್ರ ಗೋಡೆಯಲ್ಲಿದೆ, ಮನುಷ್ಯ ಇನ್ನೆಲ್ಲೋ ಇದ್ದಾನೆ. ಕತ್ತರಿ ಹಿಡಿದ ಹುಡುಗನಿಗೆ ಹತ್ತು ಸಾವಿರ ಚಿಲ್ಲರೆ ಸಂಬಳ. ಅವನನ್ನು ಬೈದು ಪ್ರಯೋಜನವಿಲ್ಲ. ಇನ್ನು ಡಾಕ್ಟರರು. ವೈದ್ಯಕೀಯ ಕಾಲೇಜುಗಳಿಗೇ ಹೆಸರಾದ ಊರು ಇದು. ಒಂದು ವಿಡಾಲ್ ಟೆಸ್ಟಿನ ಮೇಲೆ ಟೈಫಾಯಿಡ್ ಎಂದು ಬರೆಯುವ, ಕೆಮ್ಮಿಗೆಲ್ಲ ಆ್ಯಂಟಿಬಯೋಟಿಕ್ ಗೀಚುವ ಚೀಟಿಗಳು ಇಲ್ಲೂ ಇವೆ. ಅಂಗಡಿಯ ಹುಡುಗ ಕಲಿತದ್ದು ಅವರ ಚೀಟಿಗಳಿಂದಲೇ.

ಬಡವ ಏನು ಮಾಡಬೇಕು ಎಂಬ ಪ್ರಶ್ನೆ ನಿಜವಾದದ್ದು. ವೆನ್ಲಾಕಿನ ಹೊರರೋಗಿ ವಿಭಾಗದಲ್ಲಿ ಸಾಲು ನಿಂತರೆ ಅಂದಿನ ಕೂಲಿ ಹೋಯಿತು. ಸಂಜೆ ಏಳರಿಂದ ಹತ್ತರವರೆಗೆ ಬಂದರಿನಲ್ಲಿ, ಕುದ್ರೋಳಿಯಲ್ಲಿ, ತೊಕ್ಕೊಟ್ಟಿನಲ್ಲಿ ಸರಕಾರಿ ಡಾಕ್ಟರರೊಬ್ಬರು ಕುಳಿತರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅದನ್ನು ಕೇಳೋಣ, ಜಗಳ ಮಾಡಿಯೇ ಕೇಳೋಣ. ಆದರೆ ಸರಕಾರ ಮಾಡದ್ದಕ್ಕೆ ಪರಿಹಾರ ಕತ್ತರಿಸಿದ ಸ್ಟ್ರಿಪ್ ಅಲ್ಲ.

ಆಗುವುದಿಲ್ಲ ಅನ್ನುವವರು ತಲಪಾಡಿ ದಾಟಿ ನೋಡಲಿ. ಕೇರಳ 2018ರಲ್ಲಿ ಇದಕ್ಕೊಂದು ಕ್ರಿಯಾಯೋಜನೆ ಮಾಡಿತು, 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಮೆಡಿಕಲ್‌ಗಳ ಮೇಲೆ ಅನಿರೀಕ್ಷಿತ ದಾಳಿ ಶುರುಮಾಡಿತು. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡುವುದಿಲ್ಲವೆಂಬ ಫಲಕ ಹಾಕಿಸಿತು, ಆ್ಯಂಟಿಬಯೋಟಿಕ್ ಕೊಡಲು ನೀಲಿ ಲಕೋಟೆ ತಂದಿತು. 2020ರ ಲಾಕ್‌ಡೌನಿನಲ್ಲಿ ಕಾಸರಗೋಡಿನ ರೋಗಿಗಳನ್ನು ಇದೇ ತಲಪಾಡಿಯಲ್ಲಿ ತಡೆದು ನಿಲ್ಲಿಸಲು ನಮ್ಮ ಆಡಳಿತಕ್ಕೆ ಶಕ್ತಿಯಿತ್ತು. ಅದರ ಹತ್ತನೆಯ ಒಂದು ಪಾಲು ಶಕ್ತಿ ಸಾಕು, ಅಂಗಡಿಗೆ ಹೋಗಿ ಎಚ್1 ರಿಜಿಸ್ಟರ್ ತೆಗೆಸಿ ನೋಡಲು.

ನಮ್ಮವರಿಗೆ ಗಲ್ಫಿನ ಉದಾಹರಣೆ ಬೇಗ ಅರ್ಥವಾದೀತು. 2018ರಿಂದ ಸೌದಿಯಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರಾಟವನ್ನು ಬಿಗಿಯಾಗಿ ತಡೆದಿದ್ದಾರೆ. ನಾವೇನು ಮಾಡಿದೆವು? ರಜೆ ಮುಗಿಸಿ ಹೊರಟವನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಒಣಮೀನು, ಹಪ್ಪಳದ ಜೊತೆ ಅಮಾಕ್ಸಿಸಿಲಿನ್‌ನ ಐದು ಸ್ಟ್ರಿಪ್ ಇಡಲು ಶುರುಮಾಡಿದೆವು. ಅಲ್ಲಿನ ಕಾನೂನಿಗೆ ತಲೆಬಾಗುವ ನಾವೇ ಇಲ್ಲಿ "ಎಂತ ಸಾಹೇಬ್ರೇ, ಗುರ್ತ ಇಲ್ವಾ? ಎರಡು ಮಾತ್ರೆ ಕೊಡಿ ಮಾರಾಯ್ರೇ" ಅನ್ನುತ್ತೇವೆ.

ಹೋದ ತಿಂಗಳು ಗಂಟಲು ನೋವಿಗೆಂದು ಬಿಸಿನೀರಿನಲ್ಲಿ ಮುಕ್ಕಳಿಸುವ ಔಷಧ ಕೇಳಲು ಹೋಗಿದ್ದೆವು. ನಾವು ಮಾತು ಮುಗಿಸುವ ಮೊದಲೇ ಹುಡುಗ ಸ್ಟ್ರಿಪ್ ಕತ್ತರಿಸಿದ್ದ. ಅದು ಬೇಡ, ಚೀಟಿಯಿಲ್ಲ ಎಂದೆವು. "ಚೀಟಿ ಬೇಡ ಸರ್" ಎಂದ. ಹಾಗಾದರೆ ಬಿಲ್ ಕೊಡಿ ಎಂದೆವು. ಅವನು ಒಳಗೆ ಕುಳಿತಿದ್ದ ಮಾಲೀಕರ ಮುಖ ನೋಡಿದ. ಅವರು ತಲೆಯಾಡಿಸಿದರು. ಹುಡುಗ ಕತ್ತರಿಸಿದ ಎರಡು ಮಾತ್ರೆಗಳನ್ನು ಡಬ್ಬಿಗೆ ವಾಪಸು ಹಾಕಿ ನಮ್ಮ ಹಿಂದೆ ನಿಂತಿದ್ದ ಹೆಂಗಸನ್ನು "ನಿಮಗೆಂತ ಅಕ್ಕ?" ಎಂದು ಕೇಳಿದ.