ಭಾರತ ಫುಟ್‌ಬಾಲ್ ತಂಡ: ಪಟ್ಟಿ ಬರೆಯುವ ಮೊದಲೇ ಹೊರಗುಳಿದವರು

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಭಾರತ ತಂಡ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. 2003ರ ನಂತರ ಬಾಂಗ್ಲಾ ನಮ್ಮನ್ನು ಸೋಲಿಸಿದ್ದು ಅದೇ ಮೊದಲು. ನಾನು ಆ ಪಂದ್ಯ ನೋಡಿದ್ದು ಆಲೂರು ತಾಲ್ಲೂಕಿನ ಕುಂದೂರಿನಲ್ಲಿ, ಮನೆ ಜಗಲಿ ಮೇಲೆ, ಫೋನಿನಲ್ಲಿ. ನೆಟ್‌ವರ್ಕ್ ಕೈಕೊಟ್ಟು, ಗೋಲು ಆಗಿದ್ದು ಕಾಣಲೇ ಇಲ್ಲ. ಮತ್ತೆ ಚಿತ್ರ ಬರುವಷ್ಟರಲ್ಲಿ ಸ್ಕೋರು ಬದಲಾಗಿತ್ತು.

ಪಂದ್ಯ ಮುಗಿದ ಮೇಲೆ ಟೈಮ್‌ಲೈನ್ ತುಂಬಾ ಒಂದೇ ವಾದ. ವಿದೇಶದಲ್ಲಿರೋ ಭಾರತೀಯ ಮೂಲದ ಆಟಗಾರರನ್ನು ಕರ್ಕೊಂಡು ಬನ್ನಿ, ಇಲ್ಲದಿದ್ರೆ ಉದ್ಧಾರ ಆಗಲ್ಲ ಅಂತ. ಉದಾಹರಣೆಗೆ ಹಮ್ಜಾ ಚೌಧರಿ. ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ಸಿಟಿಯಲ್ಲಿ ಬೆಳೆದ ಈ ಆಟಗಾರ ಬಾಂಗ್ಲಾ ಪರ ಮೊದಲ ಪಂದ್ಯ ಆಡಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ, ಶಿಲ್ಲಾಂಗ್‌ನಲ್ಲಿ, ನಮ್ಮ ವಿರುದ್ಧವೇ. ಅವರಿಗೆ ಆಗಿದ್ದು ನಮಗೆ ಯಾಕಾಗಲ್ಲ ಅನ್ನುವ ಪ್ರಶ್ನೆ ಸಹಜ.

ಉತ್ತರ ಕಾನೂನಿನಲ್ಲಿದೆ. ಬಾಂಗ್ಲಾದೇಶ ಎರಡು ಪೌರತ್ವ ಇಟ್ಟುಕೊಳ್ಳಲು ಅವಕಾಶ ಕೊಡುತ್ತೆ, ಭಾರತ ಕೊಡಲ್ಲ. ನಮ್ಮ ಸಂವಿಧಾನದ 9ನೇ ವಿಧಿಯ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ಭಾರತೀಯ ಪೌರರಲ್ಲ. ಒಸಿಐ ಕಾರ್ಡ್ ಇದ್ದರೆ ಬಂದು ಇರಬಹುದು, ದುಡಿಯಬಹುದು, ಆದರೆ ಅದು ಪೌರತ್ವವಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಮಾತ್ರ ದೇಶದ ಪರ ಆಡಬೇಕು ಅಂತ 2008ರಲ್ಲಿ ಕ್ರೀಡಾ ಸಚಿವಾಲಯ ಹೇಳಿತು. ಫಿಫಾ ನಿಯಮವೂ ಪೌರತ್ವವನ್ನೇ ಕೇಳುತ್ತೆ. ಹಾಗಾಗಿ ಅರಾತಾ ಇಝುಮಿ ಜಪಾನ್ ಪೌರತ್ವ ಬಿಟ್ಟು 2013ರಲ್ಲಿ ಭಾರತದ ಪರ ಆಡಿದರು. ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತೀಯರಾದರು. ಅವರ ತಾಯಿ ಮುಂಬೈನ ಆಂಗ್ಲೋ-ಇಂಡಿಯನ್ ಕುಟುಂಬದವರು, ಅಜ್ಜ ಬಾಂಬೆ ಪರ ಸಂತೋಷ್ ಟ್ರೋಫಿ ಆಡಿದವರು. ಇಷ್ಟೆಲ್ಲ ಬಿಟ್ಟು ಬಂದವರನ್ನು 'ಹೊರಗಿನವರು' ಅನ್ನೋರ ಜೊತೆ ನಾನಿಲ್ಲ. ಬರಲಿ, ಆಡಲಿ.

ಆದರೆ ಇಡೀ ಚರ್ಚೆ ಆ 23 ಹೆಸರುಗಳ ಪಟ್ಟಿಯ ಸುತ್ತಲೇ ಗಿರಕಿ ಹೊಡೀತಿದೆ. ಪಟ್ಟಿ ತಯಾರಾಗುವುದು ಕೋಚ್ ಪೆನ್ನು ಹಿಡಿದ ದಿನ ಅಲ್ಲ. ಅದಕ್ಕಿಂತ ಹತ್ತು ಹದಿನೈದು ವರ್ಷ ಮುಂಚೆ, ಯಾವ ಊರಿನ ಹುಡುಗ ಯಾರ ಕಣ್ಣಿಗೆ ಬಿದ್ದ ಅನ್ನುವುದರ ಮೇಲೆ.

ಸುನಿಲ್ ಛೆಟ್ರಿ ವಿಷಯವನ್ನೇ ನೋಡಿ. 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ, ಕಣ್ಣೀರು ಹಾಕಿ ವಿದಾಯ ಹೇಳಿದ ಮನುಷ್ಯನನ್ನು ಒಂಬತ್ತು ತಿಂಗಳಲ್ಲಿ, 40ನೇ ವಯಸ್ಸಿನಲ್ಲಿ ವಾಪಸ್ ಕರೆಸಲಾಯಿತು. ಅದು ಕೋಚ್ ಮಾಡಿದ ತಪ್ಪು ಅಂತ ಬೈದವರು ಆ ಋತುವಿನ ಐಎಸ್ಎಲ್ ಅಂಕಿ ನೋಡಬೇಕಿತ್ತು. 2024-25ರಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಮೊರಾಕ್ಕೊದ ಅಲಾಯದ್ದೀನ್ ಅಜಾರೈ, 23. ಭಾರತೀಯರಲ್ಲಿ ಮೊದಲಿಗರು ಅದೇ ಛೆಟ್ರಿ, 14. ಒಂದು ತಂಡ ಮೈದಾನದಲ್ಲಿ ನಾಲ್ವರು ವಿದೇಶಿಯರನ್ನು ಇಳಿಸಬಹುದು ಅಂದಾಗ ಕ್ಲಬ್‌ಗಳು ಮೊದಲು ದುಡ್ಡು ಹಾಕುವುದು ಗೋಲು ಹೊಡೆಯುವವನ ಮೇಲೆ. ಲೀಗ್‌ನಲ್ಲಿ ಆ ಜಾಗದಲ್ಲಿ ಭಾರತೀಯ ಹುಡುಗರು ಆಡದಿದ್ದರೆ ರಾಷ್ಟ್ರೀಯ ತಂಡಕ್ಕೆ ಸ್ಟ್ರೈಕರ್ ಎಲ್ಲಿಂದ ಬರ್ತಾನೆ? ಆಕಾಶದಿಂದಲೇ ಬರಬೇಕು. ಆಕಾಶವನ್ನೂ ಕೇಳಿದ್ದಾರೆ ಬಿಡಿ. 2022ರ ಏಷ್ಯಾ ಕಪ್ ಅರ್ಹತಾ ಪಂದ್ಯಗಳ ಹೊತ್ತಿನಲ್ಲಿ ಅಂದಿನ ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿ ಗ್ರಹಗತಿ ಕೇಳುತ್ತಿದ್ದರು ಅಂತ ಮರುವರ್ಷ ಪತ್ರಿಕೆಯಲ್ಲಿ ವರದಿಯಾಯಿತು.

ಇನ್ನೊಂದು ಭ್ರಮೆ ನಮ್ಮದೇ. ಕರ್ನಾಟಕಕ್ಕೆ ದೊಡ್ಡ ಫುಟ್‌ಬಾಲ್ ಪರಂಪರೆ ಇದೆ ಅಂತ ಹೆಮ್ಮೆಯಿಂದ ಹೇಳ್ತೀವಿ. ಸುಳ್ಳಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ, ಆಮೇಲೆ 90ರ ದಶಕದಲ್ಲಿ ನಾಯಕನಾದ ಕಾರ್ಲ್‌ಟನ್ ಚಾಪ್ಮನ್ ಎಲ್ಲರೂ ನಮ್ಮವರೇ. ಆದರೆ ಇದನ್ನೊಮ್ಮೆ ನಕ್ಷೆಯ ಮೇಲಿಟ್ಟು ನೋಡಿ. 'ಮೈಸೂರು ರಾಜ್ಯದ ಫುಟ್‌ಬಾಲ್' ಅಂದರೆ ಬಹುಮಟ್ಟಿಗೆ ಬೆಂಗಳೂರು ದಂಡು ಪ್ರದೇಶದ ಕೆಲವೇ ಕೇರಿಗಳು: ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಇವತ್ತಿಗೂ ಪೆಲೆ ಪ್ರತಿಮೆ ಇಟ್ಟುಕೊಂಡಿರುವ ಗೌತಮಪುರ. ಬ್ರಿಟಿಷ್ ಸೈನಿಕರ ಆಟ ನೋಡಿ ಕಲಿತ ಬಡವರ ಮಕ್ಕಳು ಅವರು. ಆ ಕೇರಿಗಳ ಸಾಧನೆ ದೊಡ್ಡದು, ಆದರೆ ಅದು ಎಂದೂ ಹಾಸನಕ್ಕೆ ಬರಲಿಲ್ಲ. 54 ವರ್ಷದ ನಂತರ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ನಾನೂ ಕುಣಿದೆ. ಆದರೆ ಹಿಂದೆ ಆಯ್ಕೆಗಾರರು ಬಂದು ಕೂರುತ್ತಿದ್ದ ಆ ಟೂರ್ನಿಯನ್ನು ಈಗ ರಾಷ್ಟ್ರೀಯ ಕೋಚ್ ನೋಡುವುದು ಕಡಿಮೆ. ಅವರ ಕಣ್ಣು ಐಎಸ್ಎಲ್ ಮೇಲೆ.

ಇದು ಹೀಗೇ ಇರಬೇಕಾ? ಮಿಜೋರಾಂ ಕಡೆ ತಿರುಗಿ. 2011ರ ಜನಗಣತಿ ಪ್ರಕಾರ ಇಡೀ ಮಿಜೋರಾಂ ಜನಸಂಖ್ಯೆ ಸುಮಾರು 11 ಲಕ್ಷ. ಹಾಸನ ಜಿಲ್ಲೆಯೊಂದರದ್ದೇ 17.7 ಲಕ್ಷ. ಅಲ್ಲೂ ಬೆಟ್ಟ, ಅಲ್ಲೂ ತಿಂಗಳುಗಟ್ಟಲೆ ಮಳೆ, ಸಮತಟ್ಟು ಜಾಗಕ್ಕೆ ನಮಗಿಂತ ಬರ. ಅವರು 2012ರಲ್ಲಿ ತಮ್ಮದೇ ಪ್ರೀಮಿಯರ್ ಲೀಗ್ ಶುರು ಮಾಡಿದರು. ಸ್ಥಳೀಯ ಕೇಬಲ್ ಟೀವಿಯವರು ದುಡ್ಡು ಹಾಕಿದರು, ಪಂದ್ಯ ಮನೆಮನೆಗೆ ತೋರಿಸಿದರು. ಐದು ವರ್ಷಕ್ಕೆ, 2017ರಲ್ಲಿ, ಐಜ್ವಾಲ್ ಎಫ್‌ಸಿ ಐ-ಲೀಗ್ ಗೆದ್ದಿತು. ಆ ತಂಡದ ಕೋಚ್ ಖಾಲಿದ್ ಜಮೀಲ್, 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತವರು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಾಪುರದ ಎದುರು 1-2ರಿಂದ ಸೋತು 2027ರ ಏಷ್ಯಾ ಕಪ್ ಬಾಗಿಲು ನಮಗೆ ಮುಚ್ಚಿತಲ್ಲ, ಅವತ್ತು ಭಾರತದ ಒಂದೇ ಗೋಲು ಹೊಡೆದ ಲಾಲಿಯನ್‌ಜುವಾಲಾ ಛಾಂಗ್ಟೆಯೂ ಮಿಜೋ ಹುಡುಗ. 2017ರ 17 ವರ್ಷದೊಳಗಿನವರ ವಿಶ್ವಕಪ್ ತಂಡದ 21 ಜನರಲ್ಲಿ 8 ಮಂದಿ ಮಣಿಪುರದವರು. ಕರ್ನಾಟಕದಿಂದ ಹೋದವರು ಸಂಜೀವ್ ಸ್ಟಾಲಿನ್, ಹೆನ್ರಿ ಆಂಟನಿ. ಇಬ್ಬರೂ ಬೆಂಗಳೂರು.

ಅಷ್ಟು ದೂರ ಯಾಕೆ, ಪಕ್ಕದ ಸೋಮವಾರಪೇಟೆಯಿಂದ ಎಸ್. ವಿ. ಸುನಿಲ್ ಹಾಕಿಯಲ್ಲಿ ಎರಡು ಒಲಿಂಪಿಕ್ಸ್ ಆಡಿದರು. ಅದು ಆ ಹುಡುಗನೊಬ್ಬನ ಪ್ರತಿಭೆ ಮಾತ್ರ ಅಲ್ಲ. ಕೊಡಗಿನಲ್ಲಿ ಹಾಕಿ ನೋಡುವ ಕಣ್ಣು ಊರೂರಲ್ಲಿದೆ. ಒಬ್ಬ ಚೆನ್ನಾಗಿ ಆಡಿದರೆ ಸಂಜೆಯೊಳಗೆ ಹತ್ತು ಜನಕ್ಕೆ ಗೊತ್ತಾಗುತ್ತೆ.

ಕುಂದೂರಿನಲ್ಲಿ ಯಾರಿಗೂ ಗೊತ್ತಾಗಲ್ಲ. ಭತ್ತ ಕೊಯ್ದ ಗದ್ದೆಯೇ ನಮ್ಮ ಮೈದಾನ, ಅದೂ ನಾಲ್ಕು ತಿಂಗಳು. ಫುಟ್‌ಬಾಲ್ ಅಭ್ಯಾಸ ನಡೆಯಬೇಕಾದ್ದು ಶಾಲೆ ಬಿಟ್ಟ ಮೇಲೆ, ಆದರೆ ಆ ಹೊತ್ತಿಗೇ ಕಾಡಾನೆಗಳು ತೋಟದಿಂದ ಗದ್ದೆಗೆ ಇಳಿಯೋದು. ಅರಣ್ಯ ಇಲಾಖೆಯ ಮೆಸೇಜು ಬಂದರೆ ಮಕ್ಕಳು ಐದು ಗಂಟೆಗೇ ಮನೆಯೊಳಗೆ. ಆಲೂರು-ಸಕಲೇಶಪುರದ ಆನೆ ಸಮಸ್ಯೆ ಬಗ್ಗೆ ಬರೆಯುವವರು ಬೆಳೆ ಹಾನಿ, ಪ್ರಾಣಹಾನಿ ಲೆಕ್ಕ ಹಾಕ್ತಾರೆ, ಅದು ಸರಿಯೇ. ಕಳೆದುಹೋದ ಸಂಜೆಗಳ ಲೆಕ್ಕ ಯಾರೂ ಇಟ್ಟಿಲ್ಲ.

ಇಲ್ಲಿ ನಾನು ನೋಡಿದ ಅತ್ಯುತ್ತಮ ಫುಟ್‌ಬಾಲ್ ಆಡುವವರು ನಮ್ಮೂರಿನವರೂ ಅಲ್ಲ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಂ ಹುಡುಗರು. ವಾರದ ರಜೆಯ ದಿನ ಬೆಳಗ್ಗೆ ಬರಿಗಾಲಲ್ಲಿ, ಕೆಲವರು ತೋಟದ ಗಂಬೂಟಿನಲ್ಲಿ ಆಡ್ತಾರೆ. ಅವರಲ್ಲೊಬ್ಬ ಎಡಗಾಲಿನ ಹುಡುಗ ಇದ್ದ, ಹದಿನೇಳಿರಬಹುದು. ಚೆಂಡು ಅವನ ಕಾಲಿಗೆ ಬಂದರೆ ಬದುವಿನ ಮೇಲೆ ಕೂತ ನಾವು ಮಾತು ನಿಲ್ಲಿಸ್ತಿದ್ವಿ. ನಮ್ಮ ಕಾಫಿ ಜಿಲ್ಲೆಗಳಲ್ಲಿ ಈ ಹುಡುಗರಿಗೆ 'ಬಾಂಗ್ಲಾದವರು' ಅನ್ನೋ ಹೆಸರು ಬಿದ್ದಿದೆ. ದಾಖಲೆ ಪರಿಶೀಲನೆ ಅಂದಾಗ ಆಧಾರ್ ಕಾರ್ಡು ಹಿಡಿದು ಸಾಲಲ್ಲಿ ನಿಲ್ಲೋರು ಇವರೇ. ರಯಾನ್ ವಿಲಿಯಮ್ಸ್ ಭಾರತೀಯನಾಗಲು ಒಂದು ಪೌರತ್ವ ಬಿಡಬೇಕಾಯಿತು, ಸರಿ. ಈ ಹುಡುಗ ಹುಟ್ಟಿನಿಂದಲೇ ಭಾರತೀಯ, ಆದರೂ ಅವನು ಅದನ್ನು ತೋರಿಸ್ತಾನೇ ಇರಬೇಕು. ಅವನು ಯಾವ ಜಿಲ್ಲೆಯ ಆಯ್ಕೆ ಶಿಬಿರಕ್ಕೆ ಹೋಗಬೇಕು? ಹಾಸನಕ್ಕೆ ಅವನು ಅಸ್ಸಾಮಿನವನು, ಅಸ್ಸಾಮಿಗೆ ಊರು ಬಿಟ್ಟು ಹೋದವನು.

ಇದನ್ನು ಬದಲಿಸಬಹುದಾದವರು ಯಾರು? 2022ರ ಸೆಪ್ಟೆಂಬರ್‌ನಲ್ಲಿ ಎಐಎಫ್ಎಫ್ ಅಧ್ಯಕ್ಷ ಸ್ಥಾನಕ್ಕೆ ಬೈಚುಂಗ್ ಭುಟಿಯಾ ನಿಂತಾಗ ಸಿಕ್ಕಿದ್ದು ಒಂದು ಮತ. ಬಿಜೆಪಿಯ ಕಲ್ಯಾಣ್ ಚೌಬೆಗೆ 33. ಉಪಾಧ್ಯಕ್ಷರಾದವರು ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷ, ಕಾಂಗ್ರೆಸ್ ಶಾಸಕ ಎನ್. ಎ. ಹ್ಯಾರಿಸ್. ವಿಧಾನಸಭೆಯಲ್ಲಿ ಕಚ್ಚಾಡುವ ಪಕ್ಷಗಳಿಗೆ ಫುಟ್‌ಬಾಲ್ ಮನೆಯಲ್ಲಿ ಜಗಳವಿಲ್ಲ. ಅವತ್ತು ಮತ ಹಾಕಿದ್ದು ರಾಜ್ಯ ಸಂಸ್ಥೆಗಳು, ಆಟಗಾರರಲ್ಲ. ರಾಜ್ಯ ಸಂಸ್ಥೆಗಳಿಗೆ ನಾವು ಕೇಳಬೇಕಾದ್ದು ಬಹಳ ಸರಳ: ನಿಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ಎಷ್ಟು ವಾರ ಲೀಗ್ ನಡೆಯುತ್ತೆ, ಎಷ್ಟು ಪಂದ್ಯವನ್ನು ಹೊರಗಿನ ಯಾರಾದರೂ ಬಂದು ನೋಡ್ತಾರೆ, ಆ ಹೆಸರುಗಳನ್ನು ಎಲ್ಲಿ ಬರೆದಿಡ್ತೀರಿ? ಮುಂದಿನ ಸಲ ರಾಷ್ಟ್ರೀಯ ತಂಡದ ಪಟ್ಟಿ ಬಂದಾಗ ಯಾರನ್ನು ಕೈಬಿಟ್ಟರು ಅಂತ ಹ್ಯಾಶ್‌ಟ್ಯಾಗ್ ಮಾಡೋ ಮೊದಲು ನಮ್ಮ ನಮ್ಮ ಜಿಲ್ಲೆಯಲ್ಲಿ ಇದನ್ನು ಕೇಳಬಹುದು. ಮಾಹಿತಿ ಹಕ್ಕಿನಲ್ಲಿ ಕ್ರೀಡಾ ಇಲಾಖೆಗೆ ಒಂದು ಅರ್ಜಿ ಹಾಕೋಕೆ ಹತ್ತು ರೂಪಾಯಿ ಸಾಕು. ಹಾಸನದ ಮಟ್ಟಿಗೆ ನಾನು ಹಾಕ್ತಿದ್ದೀನಿ.

ಆ ಎಡಗಾಲಿನ ಹುಡುಗ ಈ ಸಲದ ಕಾಫಿ ಕೊಯ್ಲಿಗೆ ಬಂದಿಲ್ಲ. ಕೇರಳದಲ್ಲಿ ಪ್ಲೈವುಡ್ ಕಾರ್ಖಾನೆ ಸೇರಿದ ಅಂತ ಲೈನ್ ಮನೆಯವರು ಹೇಳಿದರು. ಹೋದ ವಾರ ಗದ್ದೆಯಲ್ಲಿ ಉಳಿದವರು ಆಡ್ತಿದ್ದಾಗ ಆರು ಆನೆ ಪಕ್ಕದ ತೋಟಕ್ಕೆ ಬಂದಿವೆ ಅಂತ ಮೆಸೇಜು ಬಂತು. ಸ್ಕೋರು 2-2 ಇತ್ತು. ಚೆಂಡು ಎತ್ತಿಕೊಂಡು ಎಲ್ಲರೂ ಹೊರಟರು.