ನೀತಿಯ ಸಾಲಿಲ್ಲದ ಕಥೆಗಳು

ಮಕ್ಕಳ ಕಥೆ ಪುಸ್ತಕ ಯಾವುದನ್ನೇ ತೆರೆಯಿರಿ, ಕಥೆ ಮುಗಿದ ಕೂಡಲೇ ದಪ್ಪ ಅಕ್ಷರದಲ್ಲಿ ‘ನೀತಿ’ ಎಂಬ ಸಾಲೊಂದು ಇದ್ದೇ ಇರುತ್ತದೆ. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ಕಥೆ ಹೇಳುವ ಸ್ಪರ್ಧೆಯಲ್ಲಿ ಎಷ್ಟೇ ಚೆನ್ನಾಗಿ ಹೇಳಿದರೂ ನೀತಿ ಹೇಳಲು ಮರೆತ ಮಗುವಿಗೆ ಅಂಕ ಕಡಿಮೆ. ಈ ಪದ್ಧತಿಯ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಯೇಸುಕ್ರಿಸ್ತನ ಸಾಮತಿಗಳ ಮೂಲಕ ಹೇಳುತ್ತೇನೆ. ನಮ್ಮ ನೀತಿಪಾಠದ ಪುಸ್ತಕಗಳಲ್ಲಿ ಅವುಗಳ ಬಾಲಕ್ಕೂ ಈ ಸಾಲು ಅಂಟಿಕೊಂಡಿದೆ.

ಸಾಮತಿ ಎಂದರೆ ದೃಷ್ಟಾಂತ ಕಥೆ. ಕನ್ನಡ ಬೈಬಲಿನ ಹಳೆಯ ಅನುವಾದ ಇದನ್ನು ‘ಸಾಮ್ಯ’ ಎನ್ನುತ್ತದೆ. ಮೂಲದ ಗ್ರೀಕ್ ಪದ ‘ಪರಬೊಲೆ’ಗೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡುವುದು ಎಂಬ ಅರ್ಥವಿದೆ. ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲಿ ಇಂಥವು, ಎಣಿಸುವವರ ಲೆಕ್ಕಕ್ಕೆ ತಕ್ಕಂತೆ, 30ರಿಂದ 40 ಸಿಗುತ್ತವೆ. ಬಿತ್ತನೆ ಬೀಜ, ಹಿಟ್ಟಿಗೆ ಬೆರೆಸುವ ಹುಳಿ, ಕಳೆದುಹೋದ ನಾಣ್ಯ, ಮೀನಿನ ಬಲೆ – ಎಲ್ಲವೂ ಗಲಿಲಾಯದ ಬಡವರು ದಿನವೂ ಮುಟ್ಟುತ್ತಿದ್ದ ವಸ್ತುಗಳು. ಸುವಾರ್ತೆಗಳು ಬರವಣಿಗೆಗೆ ಇಳಿದದ್ದು ಕ್ರಿ.ಶ. 70ರ ಆಸುಪಾಸಿನಿಂದ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅದಕ್ಕೆ ಮುಂಚಿನ ಸುಮಾರು 40 ವರ್ಷ ಈ ಕಥೆಗಳು ಹೆಚ್ಚಾಗಿ ಬಾಯಿಂದ ಬಾಯಿಗೆ ಸಾಗಿಬಂದವು. ಓದು ಬಾರದ ಜನರ ನೆನಪಿನಲ್ಲಿ ಉಳಿಯಲು ಕಥೆಗಿಂತ ಒಳ್ಳೆಯ ದಾರಿ ಯಾವುದಿದೆ?

ಆದರೆ ನೆನಪಿಡಲು ಸುಲಭ ಎಂಬುದಷ್ಟೇ ಕಾರಣವಲ್ಲ. ಯೆಹೂದ್ಯರಲ್ಲಿ ಇದಕ್ಕೆ ಬಹಳ ಹಳೆಯ ಪರಂಪರೆಯೇ ಇತ್ತು. ದಾವೀದ ಅರಸ ತನ್ನ ಸೈನಿಕನ ಹೆಂಡತಿಯನ್ನು ಅಪಹರಿಸಿ, ಆ ಸೈನಿಕನನ್ನು ಯುದ್ಧದಲ್ಲಿ ಸಾಯಿಸಿದಾಗ ನಾತಾನ ಎಂಬ ಪ್ರವಾದಿ ಬಂದು ಅವನನ್ನು ಬಯ್ಯಲಿಲ್ಲ. ಬಡವನೊಬ್ಬನಿಗೆ ಇದ್ದ ಒಂದೇ ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳಿದ. ಕೇಳಿ ಸಿಟ್ಟಾದ ಅರಸ ಆ ಶ್ರೀಮಂತ ಸಾವಿಗೆ ಅರ್ಹ ಎಂದು ತೀರ್ಪು ಕೊಟ್ಟ. ಆ ಮನುಷ್ಯ ನೀನೇ ಎಂದ ನಾತಾನ. ಇಲ್ಲಿ ಕೇಳುಗನೇ ನ್ಯಾಯಾಧೀಶ. ನಾತಾನ ಮೊದಲೇ ‘ನೀತಿ’ ಹೇಳಿಬಿಟ್ಟಿದ್ದರೆ ಅರಸ ಅವನನ್ನು ಹೊರಗೆ ಅಟ್ಟುತ್ತಿದ್ದನೋ ಏನೋ!

ಒಳ್ಳೆಯ ಸಮಾರ್ಯದವನ ಕಥೆ ನಿಮಗೆಲ್ಲ ಗೊತ್ತು. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್ ದಾರಿ. ಸಾವಿರ ಮೀಟರ್ ಇಳಿಜಾರು, ನಿರ್ಜನ ಪ್ರದೇಶ. ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಒಬ್ಬ ಯಾಜಕ, ಒಬ್ಬ ಲೇವಿ ನೋಡಿಯೂ ದಾಟಿ ಹೋದರು. ಸಮಾರ್ಯದವನೊಬ್ಬ ನಿಂತು, ಗಾಯ ಕಟ್ಟಿ, ಛತ್ರಕ್ಕೆ ಒಯ್ದ. ನಮ್ಮ ಪುಸ್ತಕದ ನೀತಿ: ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು. ತಪ್ಪೇನಿಲ್ಲ. ಆದರೆ ಅಷ್ಟೇ ಹೇಳಬೇಕಿದ್ದರೆ ಸಮಾರ್ಯದವನೇ ಯಾಕೆ ಬೇಕಿತ್ತು? ಯೆಹೂದ್ಯರಿಗೂ ಸಮಾರ್ಯದವರಿಗೂ ತಲೆಮಾರುಗಳ ಹಗೆ. ಗೆರಿಜೀಮ್ ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಕ್ರಿ.ಪೂ. 2ನೇ ಶತಮಾನದಲ್ಲಿ ಕೆಡವಿಸಿದವನು ಯೆಹೂದ್ಯರ ಆಡಳಿತಗಾರ ಜಾನ್ ಹಿರ್ಕಾನಸ್. ನನ್ನ ನೆರೆಯವನು ಯಾರು ಎಂದು ಕೇಳಿದ ಧರ್ಮಶಾಸ್ತ್ರಿಗೆ ಯೇಸು ಈ ಕಥೆ ಹೇಳಿ, ಮೂವರಲ್ಲಿ ನೆರೆಯವನಾದವನು ಯಾರೆಂದು ತಿರುಗಿ ಅವನನ್ನೇ ಕೇಳಿದ. ಅವನ ಉತ್ತರ ಗಮನಿಸಿ: ದಯೆ ತೋರಿಸಿದವನು ಎಂದನೇ ಹೊರತು ‘ಸಮಾರ್ಯದವನು’ ಎಂಬ ಪದ ಅವನ ಬಾಯಿಂದ ಹೊರಡಲಿಲ್ಲ. ಹೋಗಿ ಹಾಗೆಯೇ ಮಾಡು ಎಂಬ ಮಾತು ಬಂದದ್ದು ಅದಾದ ಮೇಲೆ. ನೀತಿಯ ಒಂದು ಸಾಲಿನಲ್ಲಿ ಈ ಮುಜುಗರಕ್ಕೆ ಜಾಗವಿಲ್ಲ.

ಕಥೆಗೆ ಬೀಗ ಹಾಕುವ ಚಾಳಿ ನಮ್ಮದು ಮಾತ್ರವಲ್ಲ, ಆದಿ ಕ್ರೈಸ್ತ ಸಭೆಯಲ್ಲೇ ಇತ್ತು. ಬಿತ್ತುವವನ ಸಾಮತಿಗೆ ಮಾರ್ಕನ ಸುವಾರ್ತೆಯಲ್ಲೇ ಮುಳ್ಳು ಯಾವುದು, ಬಂಡೆ ಯಾವುದು ಎಂಬ ವಿವರಣೆ ಇದೆ. ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ ಆಗಿದ್ದ ಸಂತ ಅಗಸ್ಟೀನ್ (354–430) ಇನ್ನೂ ಮುಂದೆ ಹೋದರು. ಅವರ ವ್ಯಾಖ್ಯಾನದಲ್ಲಿ ಬಿದ್ದವನು ಆದಾಮ, ಕಳ್ಳರು ಸೈತಾನ ಮತ್ತು ಅವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರ ಧರ್ಮಸಭೆ, ಛತ್ರದ ಯಜಮಾನ ಸಂತ ಪೌಲ! ಜಾಣ್ಮೆಗೆ ತಲೆದೂಗಲೇಬೇಕು. ಆದರೆ ಈ ಲೆಕ್ಕದಲ್ಲಿ ಹಗೆಯವನೊಬ್ಬ ಕೈಹಿಡಿದು ಎತ್ತಿದ ಎಂಬ ಆಘಾತವೇ ಮಾಯ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವಿದ್ವಾಂಸ ಅಡಾಲ್ಫ್ ಯೂಲಿಖರ್ ಈ ಬಗೆಯ ಓದನ್ನು ತಳ್ಳಿಹಾಕಿ, ಒಂದು ಸಾಮತಿಗೆ ಒಂದೇ ತಾತ್ಪರ್ಯ ಎಂದರು. ಅಂದರೆ ಮತ್ತೆ ನಮ್ಮ ದಪ್ಪ ಅಕ್ಷರದ ಸಾಲು! 1935ರಲ್ಲಿ ಸಿ.ಎಚ್. ಡಾಡ್ ಹೇಳಿದ್ದು ನನಗೆ ಹೆಚ್ಚು ಒಪ್ಪಿಗೆ: ಅರ್ಥದ ಬಗ್ಗೆ ಮನಸ್ಸಿನಲ್ಲಿ ಅನುಮಾನ ಉಳಿಸಿ, ಕೇಳುಗನೇ ಯೋಚಿಸುವಂತೆ ಮಾಡುವುದು ಸಾಮತಿಯ ಗುಣ.

ಒಮ್ಮೆ ಏಳನೇ ತರಗತಿಯಲ್ಲಿ ದ್ರಾಕ್ಷಿತೋಟದ ಕೂಲಿಯವರ ಸಾಮತಿ ಹೇಳಿ, ನೀತಿ ಹೇಳದೆ ಸುಮ್ಮನೆ ನಿಂತೆ. ಬೆಳಗಿನಿಂದ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಒಂದೊಂದೇ ದಿನಾರಿ ಕೊಡುತ್ತಾನೆ. ಅದು ಅಂದಿನ ಒಂದು ದಿನದ ಕೂಲಿ. “ಮೋಸ!” ಎಂದು ಅರ್ಧ ತರಗತಿ ಕೂಗಿತು. ಓವರ್‌ಟೈಮ್ ಲೆಕ್ಕ ಹಾಕಿದವರೂ ಇದ್ದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಂಜೆಯವರೆಗೆ ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂತ ಅವರ ಮಕ್ಕಳಿಗೆ ಹಸಿವು ಕಡಿಮೆ ಆಗುತ್ತದಾ?” ಎಂದಳು. ಇಲ್ಲಿ ಕೊಲ್ಲಿ ನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲಾ ಬಸ್ಸಿನ ಕಿಟಕಿಯಿಂದ ದಿನವೂ ಕಾರ್ಮಿಕರ ಬಸ್ಸುಗಳನ್ನು ನೋಡುತ್ತಾರೆ. ಆ ಬಸ್ಸುಗಳ ವಿಷಯ ಅಂದು ತಾನಾಗಿ ಮಾತಿಗೆ ಬಂತು. ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ. “ದೇವರು ಎಲ್ಲರಿಗೂ ಸಮಾನ” ಎಂದು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಮಕ್ಕಳು ಅದನ್ನು ನಕಲು ಮಾಡಿಕೊಂಡು ಪುಸ್ತಕ ಮುಚ್ಚುತ್ತಿದ್ದರು.

ಚಿಕ್ಕ ಮಕ್ಕಳಿಗೆ ನೀತಿ ಬಿಡಿಸಿ ಹೇಳದಿದ್ದರೆ ಅರ್ಥವಾದೀತೇ ಎಂದು ಪಾಲಕರು ಕೇಳಬಹುದು. ಪಂಚತಂತ್ರದಲ್ಲಿ ವಿಷ್ಣುಶರ್ಮನೂ ರಾಜಕುಮಾರರಿಗೆ ನೀತಿಯನ್ನು ಬಿಡಿಸಿಯೇ ಹೇಳಿದ್ದಾನೆ. ಒಂದನೇ, ಎರಡನೇ ತರಗತಿಯವರೆಗೆ ಹಾಗೇ ಇರಲಿ, ನನ್ನ ವಿರೋಧವಿಲ್ಲ. ಆದರೆ ಹತ್ತು ವರ್ಷ ದಾಟಿದ ಮಕ್ಕಳ ಕಥಾ ಸ್ಪರ್ಧೆಯಲ್ಲಾದರೂ ನೀತಿಗೆಂದು ಇಟ್ಟ ಅಂಕಗಳನ್ನು ತೆಗೆದು, ಕಥೆ ಮುಗಿಸಿ ಸಭೆಗೆ ಒಂದು ಒಳ್ಳೆಯ ಪ್ರಶ್ನೆ ಕೇಳುವ ಮಗುವಿಗೆ ಕೊಡಬಹುದಲ್ಲ?

ಪಾಲಕರು ಮನೆಯಲ್ಲಿ ತಪ್ಪಿಹೋದ ಮಗನ ಕಥೆಯಿಂದ ಆರಂಭಿಸಬಹುದು. ಆಸ್ತಿಯನ್ನೆಲ್ಲ ಹಾಳುಮಾಡಿ ಮರಳಿದ ತಮ್ಮನಿಗೆ ಒಳಗೆ ಔತಣ ನಡೆದಿದೆ. ಇಷ್ಟು ವರ್ಷ ಮನೆಯಲ್ಲೇ ದುಡಿದ ಅಣ್ಣ ಸಿಟ್ಟಿನಿಂದ ಹೊರಗೆ ನಿಂತಿದ್ದಾನೆ, ತಂದೆ ಬಂದು ಬೇಡಿಕೊಳ್ಳುತ್ತಿದ್ದಾನೆ. ಅಣ್ಣ ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮೊದಲು ದೊಡ್ಡವರನ್ನು ಕೇಳಿ ನೋಡಿ.