ಹೊಟ್ಟೆ ಕಟ್ಟಿದರೆ ತಲೆನೋವೇಕೆ?

'ಎರಡು ದಿನದಿಂದ ಹೊಟ್ಟೆ ಕಟ್ಟಿದೆ, ಅದಕ್ಕೇ ತಲೆ ಸಿಡಿಯುತ್ತಿದೆ.' ಹಳ್ಳಿಮೈಸೂರು, ಹೊಳೆನರಸೀಪುರದ ಕಡೆ ಈ ಮಾತು ಹೊಸದಲ್ಲ. ಹೊಲದಿಂದ ಬಂದವರು ಹಣೆಗೆ ಬಟ್ಟೆ ಬಿಗಿದು ಮಲಗುತ್ತಾರೆ. ಮನೆಯ ಹಿರಿಯರು ಹರಳೆಣ್ಣೆಯ ಸೀಸೆ ಹುಡುಕುತ್ತಾರೆ. ಮಲಬದ್ಧತೆಗೂ ತಲೆನೋವಿಗೂ ನಿಜವಾಗಿ ನಂಟಿದೆಯೇ?

ನಂಟಿದೆ, ಆದರೆ ಜನ ತಿಳಿದಂತೆ ಅಲ್ಲ. ಕರುಳಿನಲ್ಲಿ ನಿಂತ ಮಲ ವಿಷವಾಗಿ ತಲೆಗೇರುತ್ತದೆ ಎಂಬ ನಂಬಿಕೆ ಹಳ್ಳಿಗರದಷ್ಟೇ ಆಗಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇದನ್ನೇ ನಂಬಿ ರೋಗಿಗಳ ದೊಡ್ಡ ಕರುಳನ್ನು ಕತ್ತರಿಸಿ ತೆಗೆಯುತ್ತಿದ್ದರು! 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ ಇದನ್ನು ಪ್ರಶ್ನಿಸಿದರು. ವಿಷ ರಕ್ತಕ್ಕೆ ಸೇರಿದ್ದರೆ ಅದು ಹೋಗಲು ಹೊತ್ತು ಬೇಕು. ಆದರೆ ಮಲವಿಸರ್ಜನೆಯಾದ ಕೂಡಲೇ ತಲೆ ಹಗುರಾಗುತ್ತದೆ. ಗುದನಾಳ ತುಂಬಿ ಹಿಗ್ಗುವುದರಿಂದಲೇ ಈ ಅಸೌಖ್ಯ ಎಂಬುದು ಅವರ ವಾದವಾಗಿತ್ತು.

ಅನೇಕ ವೇಳೆ ಎರಡೂ ತೊಂದರೆಗಳ ಮೂಲ ಒಂದೇ. ನೀರು ಕುಡಿಯದೆ ಬಿಸಿಲಲ್ಲಿ ದುಡಿದರೆ ಮಲ ಗಟ್ಟಿಯಾಗುತ್ತದೆ, ತಲೆಯೂ ನೋಯುತ್ತದೆ. ನಿದ್ದೆಗೇಡು, ಹೊತ್ತು ತಪ್ಪಿದ ಊಟ, ಚಿಂತೆಗಳೂ ಹಾಗೆಯೇ. ಮರೆಯಿಲ್ಲದ ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸರು ಇದಕ್ಕೆ ಬೇಗ ತುತ್ತಾಗುತ್ತಾರೆ. ಶೌಚಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಬಂದ ವೇಗವನ್ನು ಸಂಜೆಯವರೆಗೆ ತಡೆಯುತ್ತಾರೆ. ಇನ್ನು ಕೋಡೀನ್ ಬೆರೆತ ನೋವಿನ ಮಾತ್ರೆಗಳು ಕರುಳಿನ ಚಲನೆಯನ್ನೇ ಮಂದಗೊಳಿಸುತ್ತವೆ. ತಿಂಗಳಿಗೆ ಹತ್ತು ಹದಿನೈದು ದಿನ ನೋವಿನ ಮಾತ್ರೆ ನುಂಗುವವರಿಗೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು.

ಪರಿಹಾರ ಅಡಿಗೆಮನೆಯಲ್ಲೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು; ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಅವರೆಕಾಳು, ಸೀಬೆಹಣ್ಣು ಇವು ಮಲವನ್ನು ಮೆದುವಾಗಿಸುತ್ತವೆ. ಆದರೆ ನಾರಿನ ಜೊತೆ ನೀರೂ ಬೇಕು. ಆಹಾರ ಹೊಟ್ಟೆ ಸೇರಿದೊಡನೆ ಕರುಳು ಚುರುಕಾಗುವುದರಿಂದ ಬೆಳಗಿನ ತಿಂಡಿಯ ನಂತರ ಅವಸರವಿಲ್ಲದೆ ಶೌಚಕ್ಕೆ ಕೂರುವ ರೂಢಿ ಒಳ್ಳೆಯದು. ವಿರೇಚಕಗಳನ್ನು ವೈದ್ಯರ ಸಲಹೆಯಿಲ್ಲದೆ ನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು.

ಎಲ್ಲ ತಲೆನೋವನ್ನೂ ಹೊಟ್ಟೆಯ ಲೆಕ್ಕಕ್ಕೆ ಬರೆಯುವುದು ಮಾತ್ರ ಅಪಾಯ. ಸಿಡಿಲಿನಂತೆ ಹಠಾತ್ತನೆ ಬಂದ ನೋವು, ಜ್ವರದೊಂದಿಗೆ ಕತ್ತು ಬಿಗಿತ, ಕೈಕಾಲಿನ ನಿಶ್ಶಕ್ತಿ, ಮುಕ್ಕಿದಾಗ ಅಥವಾ ಕೆಮ್ಮಿದಾಗ ಹೆಚ್ಚುವ ನೋವು ಇವಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮಲದಲ್ಲಿ ರಕ್ತ ಕಂಡರೂ ಅಷ್ಟೇ.

ಗರ್ಭಿಣಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಬ್ಬಿಣಾಂಶದ ಮಾತ್ರೆಯಿಂದ ಹೊಟ್ಟೆ ಕಟ್ಟುವುದುಂಟು; ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಹರಳೆಣ್ಣೆಯನ್ನಂತೂ ಕುಡಿಯಲೇಬಾರದು. ಅದು ಗರ್ಭಕೋಶವನ್ನು ಕೆರಳಿಸಬಲ್ಲದು. ಐದು ತಿಂಗಳು ಕಳೆದ ಮೇಲೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇವು ಏರಿದ ರಕ್ತದೊತ್ತಡದ ಲಕ್ಷಣಗಳಾಗಿರಬಹುದು. ಆಗ 'ಮಲ ಸರಿಹೋದರೆ ನೋವೂ ಹೋದೀತು' ಎಂದು ಕಾಯುತ್ತಾ ಕೂತರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಅಂದೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ ನೋಡಿಸಬೇಕು. ಅದಕ್ಕೆ ಹಿಡಿಯುವುದು ಐದೇ ನಿಮಿಷ.